ನಕಲು ಎಷ್ಟು ಆಳಕ್ಕೆ ಇಳಿದಿದೆ?

ಶಿರಸಿಯ ಗೆಳೆಯರಿಗೆಲ್ಲ ನಮಸ್ಕಾರ.

ಜಾವಾಸ್ಕ್ರಿಪ್ಟ್‌ನಲ್ಲಿ ಅರೇಯ, ಅಂದರೆ ಸಾಲಾಗಿ ಜೋಡಿಸಿದ ಪಟ್ಟಿಯ, ನಕಲು ತೆಗೆಯುತ್ತೇವಲ್ಲ, ಅದು ನಿಜವಾಗಿ ಬೇರೆಯಾಗಿರುತ್ತದಾ? ಇವತ್ತು ಅದನ್ನೇ ನೋಡೋಣ.

ನಮ್ಮ ಅಡಿಕೆ ಪೇಟೆಯನ್ನೇ ತಗೊಳ್ಳಿ. ‘ಇವತ್ತು’ ಅನ್ನುವ ಅರೇಯಲ್ಲಿ ಅಡಿಕೆಯ ಮೂರು ಬಗೆಗೆ ಮೂರು ಆಬ್ಜೆಕ್ಟ್‌ಗಳಿವೆ, ಅಂದರೆ ಮಾಹಿತಿಯ ಮೂರು ಗುಂಪು: ರಾಶಿ, ಚಾಲಿ, ಬೆಟ್ಟೆ. ಒಂದೊಂದರಲ್ಲೂ ತೂಕ, ಧಾರಣೆ, ತಾರೀಕು. ನಾಳೆ ಧಾರಣೆ ಏರಿದರೆ ಎಷ್ಟು ಸಿಗಬಹುದು ಎಂದು ಲೆಕ್ಕ ಹಾಕಬೇಕು. ಇವತ್ತಿನ ಪಟ್ಟಿ ಮಾತ್ರ ಹಾಗೇ ಉಳಿಯಬೇಕು.

‘ನಾಳೆ’ಗೆ ‘ಇವತ್ತು’ವನ್ನು ಸುಮ್ನೆ ಸಮ ಎಂದು ಬರೆದರೆ ನಕಲೇ ಆಗುವುದಿಲ್ಲ. ಒಂದೇ ಅರೇಗೆ ಎರಡು ಹೆಸರು, ಅಷ್ಟೇ. ಹಾಗಾಗಿ ಚೌಕ ಕಂಸದಲ್ಲಿ ಮೂರು ಚುಕ್ಕೆ ಹಾಕಿ ಸ್ಪ್ರೆಡ್ ಮಾಡುತ್ತೀರಿ. ಹೊಸ ಅರೇ ಬಂತು. ಅದಕ್ಕೆ ಕೆಂಪುಗೋಟು ಅನ್ನುವ ಇನ್ನೊಂದು ಬಗೆಯನ್ನು ಪುಶ್ ಮಾಡಿ ಸೇರಿಸಿದರೆ ಹಳೆಯದರಲ್ಲಿ ಮೂರೇ ಇರುತ್ತವೆ. ಸರಿಯಾಯ್ತು ಅನ್ನಿಸುತ್ತದೆ, ಅಲ್ವಾ? ಈಗ ಹೊಸದರಲ್ಲಿ ಚಾಲಿಯ ಧಾರಣೆಯನ್ನು 40,000ದಿಂದ 41,000 ಮಾಡಿ. ಇವತ್ತಿನ ಪಟ್ಟಿಯಲ್ಲೂ 41,000!

ಎರಡು ಚೀಟಿಯಲ್ಲಿ ಒಂದೇ ಮನೆಯ ವಿಳಾಸ ಬರೆದ ಹಾಗೆ ಇದು. ಅರೇ ಹೊಸದು, ಒಳಗಿನ ಆಬ್ಜೆಕ್ಟ್‌ಗಳು ಅವೇ. ಇದಕ್ಕೆ ಶ್ಯಾಲೋ ಕಾಪಿ, ಅಂದರೆ ಮೇಲುಮೇಲಿನ ನಕಲು ಅನ್ನುತ್ತಾರೆ. ಒಳಗಿನದೂ ಬೇರೆಯಾದರೆ ಅದು ಡೀಪ್ ಕಾಪಿ. ಅರೇಯ ಸ್ಲೈಸ್ ಮೆಥಡ್‌ನಿಂದ ನಕಲು ಮಾಡಿದರೂ ಇಷ್ಟೇ.

ಹಳೆಯ ಉಪಾಯ ಒಂದಿದೆ. ಜೇಸನ್ ಸ್ಟ್ರಿಂಗಿಫೈ ಮಾಡಿ, ಅಂದರೆ ಎಲ್ಲವನ್ನೂ ಬರಹದ ಸಾಲಾಗಿಸಿ, ಮತ್ತೆ ಪಾರ್ಸ್ ಮಾಡಿ ಮೊದಲಿನ ರೂಪಕ್ಕೆ ತರುವುದು. ಒಳಗಿನದೆಲ್ಲ ಬೇರೆಯಾಗುತ್ತದೆ, ನಿಜ. ಆದರೆ ತಾರೀಕಿನ ಡೇಟ್ ಆಬ್ಜೆಕ್ಟ್ ಬರೀ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಹೊರಬರುತ್ತದೆ. ನೋಡಲು ತಾರೀಕೇ. ತಿಂಗಳು ಕೇಳಿದ ಕೂಡಲೇ ಎರರ್. ಅನ್‌ಡಿಫೈನ್ಡ್ ಇದ್ದ, ಅಂದರೆ ಬೆಲೆಯೇ ಇಲ್ಲದ, ಪ್ರಾಪರ್ಟಿ ಮಾಯ. ಮ್ಯಾಪ್ (ಕೀಲಿ-ಬೆಲೆಗಳ ಜೋಡಿ ಇಡುವ ಡೇಟಾ) ಇದ್ದರೆ ಖಾಲಿ ಆಬ್ಜೆಕ್ಟ್. ಪ್ರೋಗ್ರಾಮ್ ನಿಂತುಹೋದರೆ ಗೊತ್ತಾದರೂ ಆಗುತ್ತದೆ. ಹೀಗೆ ಹೇಳದೆ ಕೇಳದೆ ಡೇಟಾ ಬದಲಾಗುವುದು ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ ಅಪಾಯ.

ಈಗ ಡೀಪ್ ಕಾಪಿಗೆಂದೇ ಸ್ಟ್ರಕ್ಚರ್ಡ್‌ಕ್ಲೋನ್ ಅನ್ನುವ ಫಂಕ್ಷನ್ ಇದೆ. 2022ರ ಮಾರ್ಚ್ ಹೊತ್ತಿಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂತು. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ 17ನೇ ಆವೃತ್ತಿಯಿಂದ ಇದೆ. ಡೇಟ್ ಡೇಟ್ ಆಗಿಯೇ, ಮ್ಯಾಪ್ ಮ್ಯಾಪ್ ಆಗಿಯೇ ಉಳಿಯುತ್ತದೆ. ಆಬ್ಜೆಕ್ಟ್ ಒಳಗಿಂದ ತನ್ನನ್ನೇ ತೋರಿಸುತ್ತಿದ್ದರೂ ಸಿಕ್ಕು ಬೀಳುವುದಿಲ್ಲ. ಫಂಕ್ಷನ್ ಸಿಕ್ಕರೆ ಮಾತ್ರ ಎರರ್ ಕೊಟ್ಟು ನಿಲ್ಲುತ್ತದೆ. ನಿಮ್ಮದೇ ಕ್ಲಾಸ್‌ನಿಂದ ಮಾಡಿದ ಆಬ್ಜೆಕ್ಟ್ ಸಾದಾ ಆಬ್ಜೆಕ್ಟ್ ಆಗುತ್ತದೆ, ಅದರ ಮೆಥಡ್‌ಗಳು ಜೊತೆಗೆ ಬರುವುದಿಲ್ಲ. ಪೈಥಾನ್ ಬರೆಯುವವರಿಗೆ ಕಾಪಿ ಮಾಡ್ಯೂಲ್‌ನ ಡೀಪ್‌ಕಾಪಿ ಇದೆ.

ಹಾಗಂತ ಎಲ್ಲ ಕಡೆ ಡೀಪ್ ಕಾಪಿ ಬೇಡ. ಪಟ್ಟಿಯಲ್ಲಿ ಸಾವಿರಾರು ಲಾಟ್ ಇದ್ದು, ಬದಲಾಗುವುದು ಒಂದು ಚಾಲಿಯ ಧಾರಣೆ ಆದರೆ, ಎಲ್ಲವನ್ನೂ ನಕಲು ಮಾಡುವುದು ದಂಡ. ಅರೇಯ ಮ್ಯಾಪ್ ಮೆಥಡ್‌ನಲ್ಲಿ (ಮೇಲಿನ ಮ್ಯಾಪ್ ಬೇರೆ) ಆ ಒಂದು ಆಬ್ಜೆಕ್ಟನ್ನು ಮಾತ್ರ ಸ್ಪ್ರೆಡ್ ಮಾಡಿ, ಹೊಸ ಧಾರಣೆ ಕೊಡಿ. ಉಳಿದವು ಹಂಚಿಕೊಂಡೇ ಇರಲಿ. ವೆಬ್ ಪುಟ ಕಟ್ಟುವ ರಿಯಾಕ್ಟ್ ಲೈಬ್ರರಿಯಲ್ಲಿ ಮಾಡುವುದೂ ಹೀಗೇ.

ಸರಿ, ಈಗ ಲ್ಯಾಪ್‌ಟಾಪ್ ತಂದವರು ಬ್ರೌಸರ್ ಕನ್ಸೋಲ್ ತೆರೆಯಿರಿ. ಎರಡೂ ಪಟ್ಟಿಯ ಚಾಲಿ ಆಬ್ಜೆಕ್ಟ್‌ಗಳ ನಡುವೆ ಮೂರು ಸಮ ಚಿಹ್ನೆ ಹಾಕಿ ನೋಡಿ. ಟ್ರೂ ಬಂದರೆ ಅವೆರಡೂ ಇನ್ನೂ ಒಂದೇ.