ಯುರೇಕಾ: ಕೆಟ್ಟ ಕಾಲವನ್ನ ರಿಪೇರಿ ಮಾಡದೆ ಬಿಟ್ಟ ಊರು

ಸ್ಕ್ರೀನ್ ಮೇಲೆ ನೀವೀಗ ನೋಡ್ತಿರೋ ಬೀದಿ ಅಮೆರಿಕದ ಒರೆಗಾನ್ ರಾಜ್ಯದ್ದು. ಟೀವಿಯವರ ಲೆಕ್ಕದಲ್ಲಿ. ನಾನು ಕಾರ್ ನಿಲ್ಲಿಸಿರೋದು ಮಾತ್ರ ಕೆನಡಾದಲ್ಲಿ, ವ್ಯಾಂಕೂವರ್‌ನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ದೂರದ ಚಿಲಿವ್ಯಾಕ್ ಅನ್ನೋ ಊರಲ್ಲಿ. ‘ಯುರೇಕಾ’ ಸೀರಿಯಲ್‌ನ ಪೇಟೆ ಬೀದಿಯನ್ನ ಶೂಟ್ ಮಾಡಿದ್ದು ಇಲ್ಲೇ. ಕ್ಯಾಮೆರಾ ಹಿಡಿದಿರೋ ನಮ್ಮಕ್ಕ ಇದರ ಒಂದು ಎಪಿಸೋಡೂ ನೋಡಿಲ್ಲ. “ಇದಕ್ಕೇನೋ ಇಷ್ಟು ದೂರ ಕರ್ಕೊಂಡು ಬಂದಿದ್ದು?” ಅಂತ ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ಉದ್ದ ಮಾಡಿ ನಿಮಗೂ ಹೇಳ್ತೀನಿ. ಸ್ಪಾಯ್ಲರ್ ಧಾರಾಳವಾಗಿ ಇದೆ, ಆಮೇಲೆ ಬೈಬೇಡಿ.

2006ರ ಜುಲೈ 18ಕ್ಕೆ ಅಮೆರಿಕದ ಸೈಫೈ ಚಾನೆಲ್‌ನಲ್ಲಿ ಶುರುವಾಗಿ 2012ರ ಜುಲೈ 16ಕ್ಕೆ ಮುಗಿದ ಸೀರಿಯಲ್ ಇದು. ಐದು ಸೀಸನ್, 77 ಎಪಿಸೋಡ್. ಹುಟ್ಟುಹಾಕಿದವರು ಆಂಡ್ರ್ಯೂ ಕಾಸ್ಬಿ ಮತ್ತು ಜೇಮಿ ಪಾಲಿಯಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಸರ್ಕಾರ ತನ್ನ ಬುದ್ಧಿವಂತ ವಿಜ್ಞಾನಿಗಳನ್ನೆಲ್ಲ ಒಟ್ಟಿಗೆ ಸೇರಿಸಿ ಕಾಡಿನ ನಡುವೆ ಗುಟ್ಟಾಗಿ ಒಂದು ಊರು ಕಟ್ಟಿತು ಅನ್ನೋದು ಕಥೆ. ಅದಕ್ಕೆ ಸಲಹೆ ಕೊಟ್ಟವರು ಐನ್‌ಸ್ಟೈನ್. ಊರಿಗೆಲ್ಲ ಅನ್ನ ಹಾಕೋದು ಗ್ಲೋಬಲ್ ಡೈನಾಮಿಕ್ಸ್ ಅನ್ನೋ ಲ್ಯಾಬ್. ಮನೆ ಬಿಟ್ಟು ಓಡಿಹೋಗಿದ್ದ ಮಗಳು ಜೋಯಿಯನ್ನ ಹಿಡಿದು ವಾಪಸ್ ಕರ್ಕೊಂಡು ಹೋಗ್ತಿದ್ದ ಜ್ಯಾಕ್ ಕಾರ್ಟರ್ ಅನ್ನೋ ಪೊಲೀಸಿನವನು ದಾರಿಯಲ್ಲಿ ಕಾರ್ ಗುದ್ದಿ ಇಲ್ಲಿ ಸಿಕ್ಕಿಹಾಕ್ಕೊಳ್ತಾನೆ, ಕೊನೆಗೆ ಇದೇ ಊರಿನ ಶೆರಿಫ್ ಆಗ್ತಾನೆ. ಕಾಲಿನ್ ಫರ್ಗುಸನ್ ಮಾಡಿರೋ ಪಾತ್ರ.

ಎಪಿಸೋಡುಗಳ ಜಾಡು ಬೇಗ ಗೊತ್ತಾಗಿಬಿಡತ್ತೆ. ಯಾರದೋ ಪ್ರಯೋಗ ಎಡವಟ್ಟಾಗತ್ತೆ. ಐದಾರು ಪಿಎಚ್‌ಡಿಗಳು ಒಂದೇ ಉಸಿರಲ್ಲಿ ಕಾರಣ ವಿವರಿಸ್ತಾರೆ. ಕಾರ್ಟರ್ ಮುಖ ಕಿವಿಚಿ, ನನ್ನಂಥವನಿಗೆ ಅರ್ಥ ಆಗೋ ಹಾಗೆ ಹೇಳ್ರಪ್ಪ ಅಂತಾನೆ. ಅವರು ಬಿಡಿಸಿ ಹೇಳೋಷ್ಟರಲ್ಲಿ ಇವನಿಗೆ ಪರಿಹಾರ ಹೊಳೆದಿರತ್ತೆ. ದಡ್ಡ ಅಂತಲ್ಲ. ಊರಲ್ಲಿ ಎಲ್ಲರೂ ಅವರವರ ಯಂತ್ರ ನೋಡ್ತಿರುವಾಗ ಇವನೊಬ್ಬ ಮನುಷ್ಯರ ಮುಖ ನೋಡ್ತಿರ್ತಾನೆ, ಅಷ್ಟೇ.

ಇವನ ಮನೆ ಬಗ್ಗೆ ಹೇಳದೆ ಮುಂದಕ್ಕೆ ಹೋಗೋಕಾಗಲ್ಲ. ನೆಲದಡಿಯ ಹಳೇ ಬಂಕರ್ ಅದು. ಆ ಮನೆಗೆ ಸ್ವಂತ ಬುದ್ಧಿ ಇದೆ, ಹೆಸರು ಸಾರಾ. ಹೊರಗೆ ಹೋಗ್ಬೇಕಂದ್ರೆ “ಸಾರಾ, ಬಾಗಿಲು” ಅನ್ಬೇಕು. ಕೇಳಿದರೆ ಬಿಯರ್ ಕೊಡತ್ತೆ, ಕೇಳದಿದ್ರೂ ಉಪದೇಶ ಕೊಡತ್ತೆ. ಮೊದಲನೇ ಸೀಸನ್‌ನಲ್ಲಿ ಕಾರ್ಟರ್ ಊರು ಬಿಡೋ ಯೋಚನೆಯಲ್ಲಿದ್ದಾಗ ಸಾರಾಗೆ ಸಂಕಟ ಆಗಿ, ಅವನನ್ನೂ ಅವನ ಜೊತೆಯವರನ್ನೂ ಒಳಗೆ ಕೂಡಿಹಾಕಿ, ನಿಮ್ಮ ಜಗಳ ಮುಗಿಸ್ಕೊಂಡೇ ಹೋಗಿ ಅಂತ ಬಾಗಿಲು ಹಾಕ್ಕೊಂಡುಬಿಡತ್ತೆ. ಮೊದಮೊದಲು ನಗು ಬರತ್ತೆ. ಆಮೇಲೆ ಮಿಲಿಟರಿಯ ಹಳೇ ಕಂಪ್ಯೂಟರ್ ಬುದ್ಧಿ ಒಂದು ಒಳಗಿಂದ ಎದ್ದು ಬಂದಾಗ ನಗು ನಿಂತುಹೋಗತ್ತೆ. ಸಾರಾಗೆ ಕಂಠ ಕೊಟ್ಟಿರೋದು ಲ್ಯಾಬಿನ ವಿಜ್ಞಾನಿ ಫಾರ್ಗೋ ಪಾತ್ರ ಮಾಡಿರೋ ನೀಲ್ ಗ್ರೇಸ್ಟನ್. ಕಥೆಯಲ್ಲೂ ಆ ಮನೆ ಮಾಡಿದವನು ಅದೇ ಫಾರ್ಗೋ.

ಇಷ್ಟೇ ಆಗಿದ್ರೆ ನಾನು ಚಿಲಿವ್ಯಾಕ್‌ವರೆಗೂ ಬರ್ತಿರಲಿಲ್ಲ. ವಾರಕ್ಕೊಂದು ಗಂಡಾಂತರ ಬಂದು, ಮುಂದಿನ ವಾರ ಎಲ್ಲ ಮೊದಲಿನ ಹಾಗೇ ಇರೋ ಸೀರಿಯಲ್‌ಗಳು ಬೇಕಾದಷ್ಟಿವೆ. ಯುರೇಕಾನೂ ಮೊದಲು ಆ ಪೈಕಿನೇ. ಮೊದಲ ಸೀಸನ್ ಕೊನೆಯಲ್ಲಿ ಮೆಕ್ಯಾನಿಕ್ ಹೆನ್ರಿ, ಸತ್ತುಹೋದ ತನ್ನ ಪ್ರೀತಿಯ ಕಿಮ್‌ಳನ್ನ ಉಳಿಸೋಕೆ ಕಾಲದಲ್ಲಿ ಹಿಂದಕ್ಕೆ ಹೋಗಿ ಬದಲಾವಣೆ ಮಾಡ್ತಾನೆ. ಹೆನ್ರಿ ಆಗಿರೋದು ಜೋ ಮಾರ್ಟನ್. ಆ ಹೊಸ ಬದುಕಲ್ಲಿ ಕಾರ್ಟರ್‌ಗೂ ಅವನು ಮನಸ್ಸಿಟ್ಟಿದ್ದ ಲ್ಯಾಬಿನ ಆಲಿಸನ್‌ಗೂ ಮದುವೆ ಆಗಿ, ಮಗುವಿನ ನಿರೀಕ್ಷೆಯಲ್ಲಿರ್ತಾರೆ. ಆದ್ರೆ ಕಾಲವೇ ಹರಿದುಹೋಗೋ ಹಾಗಾದಾಗ ಕಾರ್ಟರ್ ಹಿಂದಕ್ಕೆ ಹೋಗಿ ಎಲ್ಲ ಮೊದಲಿನ ಹಾಗೆ ಮಾಡ್ತಾನೆ. ಹೆಂಡತಿ, ಹುಟ್ಟಬೇಕಿದ್ದ ಮಗು, ಎರಡೂ ಹೋಯ್ತು. ಎರಡನೇ ಸೀಸನ್ ಶುರುವಲ್ಲಿ ಆ ನೆನಪನ್ನೂ ಹೆನ್ರಿ ಅಳಿಸಿಹಾಕ್ತಾನೆ. ಬರೆದವರು ಜಾಣರು, ಆದ್ರೆ ಸ್ಲೇಟು ಒರೆಸಿಬಿಟ್ರು ಅಂತ ನನಗೆ ಸಿಟ್ಟು ಬಂದಿತ್ತು.

ಮೂರನೇ ಸೀಸನ್‌ನಲ್ಲಂತೂ ಒಂದು ಡಿಯೋಡರೆಂಟ್ ಬ್ರ್ಯಾಂಡ್ ಪ್ರಾಯೋಜಕರಾಗಿ ಬಂದು ಕಥೆಯೊಳಗೇ ನುಗ್ಗಿಬಿಡತ್ತೆ. ಸಹಿಸ್ಕೊಳ್ಳಿ. ಆಲಿಸನ್‌ಳ ಮದುವೆ ದಿನವೇ ಮತ್ತೆ ಮತ್ತೆ ಮರುಕಳಿಸಿ, ಅವಳನ್ನ ಮದುವೆಯಾಗಬೇಕಿದ್ದ ವಿಜ್ಞಾನಿ ಸ್ಟಾರ್ಕ್ ಇಲ್ಲವಾಗೋ ಎಪಿಸೋಡ್ ಇದೇ ಸೀಸನ್‌ನಲ್ಲಿರೋದು.

2010ರ ಜುಲೈ 9ಕ್ಕೆ ನಾಲ್ಕನೇ ಸೀಸನ್ ಬಂತು. ಊರಿನ ಸಂಸ್ಥಾಪನಾ ದಿನದ ಸಂಭ್ರಮದ ಮಧ್ಯೆ ಐದು ಜನ 1947ಕ್ಕೆ ಹೋಗಿ ಬೀಳ್ತಾರೆ: ಕಾರ್ಟರ್, ಆಲಿಸನ್, ಹೆನ್ರಿ, ಕಾರ್ಟರ್ ಕೈಕೆಳಗಿನ ಪೊಲೀಸ್ ಜೋ ಲೂಪೋ, ಫಾರ್ಗೋ. ಡಾಕ್ಟರ್ ಗ್ರಾಂಟ್ ಅನ್ನೋ ಆ ಕಾಲದ ವಿಜ್ಞಾನಿಯ ಸಹಾಯದಿಂದ ವಾಪಸ್ ಬರ್ತಾರೆ. ಅವನೂ ಇವರ ಜೊತೆಗೇ ಈ ಕಾಲಕ್ಕೆ ಬಂದುಬಿಡ್ತಾನೆ. ಊರು ಅದೇ, ಬೀದಿ ಅದೇ, ಬದುಕು ಮಾತ್ರ ಬೇರೆ.

ಹೆನ್ರಿ ಮನೆಗೆ ಹೋದ್ರೆ ಗ್ರೇಸ್ ಅನ್ನೋಳು ಹೆಂಡತಿ ಅಂತ ಬಂದು ಮುತ್ತು ಕೊಡ್ತಾಳೆ. ಇವನಿಗೆ ಅವಳ ಜೊತೆ ಸಂಸಾರ ಮಾಡಿದ ಒಂದು ದಿನದ ನೆನಪೂ ಇಲ್ಲ. ಎಲ್ಲರ ಬಾಯಿಗೂ ಬೀಳ್ತಿದ್ದ ಫಾರ್ಗೋ ಈಗ ಲ್ಯಾಬಿನ ಮುಖ್ಯಸ್ಥ, ಅವನನ್ನ ಕಂಡ್ರೆ ಯಾರಿಗೂ ಆಗಲ್ಲ. ಕಾರ್ಟರ್ ಜೊತೆ ಸಂಬಂಧ ಕಡಿದುಹೋಗಿದ್ದ ಟೆಸ್, ಅವನ ಮನೆಗೇ ಬಂದು ಇರೋಕೆ ಸಜ್ಜಾಗಿದ್ದಾಳೆ. ಆಲಿಸನ್ ಮಗ ಕೆವಿನ್‌ಗೆ ಆಟಿಸಂ ಇಲ್ಲ. ಇದೊಂದು ಮಾತ್ರ ನನಗೆ ಇವತ್ತಿಗೂ ಮುಜುಗರ. ಮೂರು ಸೀಸನ್ ನಾವು ನೋಡಿದ ಆ ಹುಡುಗ ಎಲ್ಲಿ ಹೋದ? ಅಮ್ಮನ ಖುಷಿ, ಅದರ ಹಿಂದಿರೋ ಅಪರಾಧಿ ಭಾವ ಎರಡನ್ನೂ ತೋರಿಸ್ತಾರೆ. ಹಳೇ ಕೆವಿನ್‌ಗಾಗಿ ಅಳೋರು ಮಾತ್ರ ಕಡಿಮೆ.

ಎಲ್ಲರಿಗಿಂತ ಹೆಚ್ಚು ಕಳ್ಕೊಂಡಿದ್ದು ಜೋ ಲೂಪೋ. ಕಾರ್ಟರ್ ಕೈಕೆಳಗಿನ ಪೊಲೀಸ್ ಕೆಲಸ ಹೋಗಿ, ಅದು ರೋಬೋ ಆಂಡಿಯ ಪಾಲಾಗಿದೆ. ಇವಳೀಗ ಲ್ಯಾಬಿನ ಸೆಕ್ಯೂರಿಟಿ ಮುಖ್ಯಸ್ಥೆ. ಇವರು 1947ಕ್ಕೆ ಹೋಗೋ ಸ್ವಲ್ಪ ಮುಂಚೆ ಜೇನ್ ಅನ್ನೋ ಹುಡುಗ ಇವಳಿಗೆ ಉಂಗುರ ಕೊಟ್ಟು ಮದುವೆಗೆ ಕೇಳಿರ್ತಾನೆ. ಇವಳು ತಕ್ಷಣ ಹೂಂ ಅಂದಿರಲ್ಲ. ವಾಪಸ್ ಬಂದ್ರೆ ಈ ಜೇನ್‌ಗೆ ಅವಳು ಬರೀ ತನ್ನನ್ನ ಲಾಕಪ್‌ಗೆ ಹಾಕೋಳು. ಉಂಗುರ ಇನ್ನೂ ಅವಳ ಹತ್ರ ಇದೆ. ಮುಂದೊಂದು ದಿನ ಸಿಟ್ಟಲ್ಲಿ ಅದನ್ನ ಅವನ ಮುಂದೆ ಎಸೀತಾಳೆ. ಅವನು ತಿರುಗಿಸಿ ನೋಡ್ತಾನೆ. ಅವನ ಅಜ್ಜಿಯ ಉಂಗುರ! ಇದು ನಿನ್ನ ಕೈಗೆ ಹೇಗೆ ಬಂತು ಅಂತ ಕೇಳ್ತಾನೆ. ಏನು ಹೇಳ್ತಾಳೆ? ನಡೆದಿದ್ದನ್ನ ಹೊರಗೆ ಬಿಡಬಾರದು ಅಂತ ಐದೂ ಜನ ಮಾತಾಡ್ಕೊಂಡಿದ್ದಾರೆ. ಸ್ಫೋಟ ಇಲ್ಲ, ಗ್ರಾಫಿಕ್ಸ್ ಇಲ್ಲ, ಎರಡು ಮುಖ ಮತ್ತು ಒಂದು ಉಂಗುರ. ಟೈಮ್ ಟ್ರಾವೆಲ್ ಕಥೆಗಳಲ್ಲಿ ನನಗೆ ಇದಕ್ಕಿಂತ ಇಷ್ಟವಾದ ದೃಶ್ಯ ಇಲ್ಲ.

ಎರಡು ಮೂರು ವಾರದಲ್ಲಿ ಎಲ್ಲ ಸರಿ ಮಾಡಿಬಿಡ್ತಾರೆ ಅಂತ ಕಾಯ್ತೀರಿ. ಮಾಡಲ್ಲ. ಕೊನೇ ಎಪಿಸೋಡಿನವರೆಗೂ ಅದೇ ಹೊಸ ಕಾಲ. ಹೆನ್ರಿ ಸುಳ್ಳು ನಿಲ್ಲಿಸಿ, ಅಪರಿಚಿತಳಾದ ಹೆಂಡತಿಯನ್ನ ಮೊದಲಿನಿಂದ ತಿಳ್ಕೋಬೇಕಾಗತ್ತೆ. ಫಾರ್ಗೋ ತನಗೆ ದಕ್ಕಿದ ಕುರ್ಚಿಗೆ ತಕ್ಕವನಾಗಿ ಬೆಳೀಬೇಕಾಗತ್ತೆ, ಬೆಳೀತಾನೆ ಕೂಡ. ವಿಚಿತ್ರ ಊರು, ಮಾತಾಡೋ ಮನೆ ಅಂತ ನಗಿಸ್ತಿದ್ದ ಸೀರಿಯಲ್ ಈ ಧೈರ್ಯ ಮಾಡಿತಲ್ಲ, ಅಕ್ಕನಿಗೆ ನಾನು ಹೇಳಿದ್ದು ಇದನ್ನೇ.

ಚಾನೆಲ್‌ನವರು ಆರು ಎಪಿಸೋಡಿನ ಆರನೇ ಸೀಸನ್ ಮಾಡೋಣ ಅಂದು, 2011ರಲ್ಲಿ ಮಾತು ಬದಲಿಸಿ, ಕಥೆ ಮುಗಿಸೋಕೆ ಒಂದೇ ಒಂದು ಎಪಿಸೋಡ್ ಹೆಚ್ಚಿಗೆ ಕೊಟ್ರು. ಅಷ್ಟರಲ್ಲೇ ಚೆನ್ನಾಗಿ ಮುಗಿಸಿದ್ದಾರೆ.

ನೋಡೋರು ನೇರ ನಾಲ್ಕನೇ ಸೀಸನ್‌ಗೆ ಹಾರಬೇಡಿ. ಹಳೇ ಊರಿನ ಅಭ್ಯಾಸ ಆಗದೆ ಹೊಸ ಊರು ಚುಚ್ಚಲ್ಲ. ಮನೇಲಿ ಮಕ್ಕಳಿದ್ರೆ 2011ರ ಡಿಸೆಂಬರ್‌ನ ಕ್ರಿಸ್‌ಮಸ್ ಸ್ಪೆಷಲ್ ಬೇಕಾದ್ರೆ ಮೊದಲು ಹಾಕಿ. ಊರಿಗೆ ಊರೇ ಕಾರ್ಟೂನ್ ಆಗಿಬಿಡತ್ತೆ, ಶೆರಿಫ್‌ನ ಜೀಪ್ ಬಾಯಿ ಬಿಟ್ಟು ಅವನ ಜೊತೆ ಮಾತಿಗಿಳಿಯತ್ತೆ. ಅಕ್ಕನಿಗೂ ಅದನ್ನೇ ತೋರಿಸೋಣ ಅಂತಿದೀನಿ. ಸದ್ಯಕ್ಕೆ ಅವಳಿಗೆ ಹಸಿವಾಗಿದೆ, ಕ್ಯಾಮೆರಾ ಆಫ್ ಮಾಡ್ತೀನಿ ಅಂತಿದ್ದಾಳೆ.