ಬಹುಮಾನ ಕೊಡುವವರು ಹಣ ಕೇಳುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಈಗಲೂ ಕುಂದಗೋಳ, ಅಣ್ಣಿಗೇರಿ ಕಡೆಯವರು ಮೊಬೈಲ್ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಸಾಹೇಬರೇ, ಬಹುಮಾನ ಬಂದಿದೆಯಂತೆ, ಖರೆಯೋ ಸುಳ್ಳೋ ನೋಡಿ" ಎನ್ನುತ್ತಾರೆ. ಸಂದೇಶ ಓದುವ ಮೊದಲೇ ನಾನು ಕೇಳುವುದು ಇಷ್ಟೇ: ಮೊದಲು ದುಡ್ಡು ಕಳಿಸಿ ಎಂದಿದ್ದಾರೆಯೇ? ಹೌದು ಎಂದರೆ ಸುಳ್ಳು, ಮುಂದೆ ಓದುವ ಅಗತ್ಯವೇ ಇಲ್ಲ. ಬಹುಮಾನ ಕೊಡುವವರು ಹಣ ಕೇಳುವುದಿಲ್ಲ. ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ ತೊಡಿಸುವಾಗ, ಮೊದಲು ಬೆಳ್ಳಿಯ ಬೆಲೆ ಕೊಡು ಎಂದು ಯಾರಾದರೂ ಕೇಳಿದ್ದುಂಟೇ?

ನಾನು ಶಾಖೆಯಲ್ಲಿದ್ದಾಗ ಬ್ಯಾಡಗಿ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ ಬಂಗಾರದ ಸಾಲಕ್ಕೆ ಬಂದರು. ಬೆಂಡೋಲೆ ಬಿಚ್ಚಿ ಮೇಜಿನ ಮೇಲಿಟ್ಟರು. ಇನ್ನೊಂದು ಕೈಯಲ್ಲಿ ಮೊಬೈಲ್ ಇತ್ತು, ಕರೆ ನಡೆಯುತ್ತಲೇ ಇತ್ತು. ಏಕೆ ತಾಯಿ ಎಂದು ಕೇಳಿದರೆ, ಆ ಕಡೆಯವರು ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ ಎಂದಿದ್ದಾರೆ ಎಂದರು. ಮೆಲ್ಲಗೆ ಕೇಳಿದಾಗ ವಿಷಯ ಹೊರಬಂತು.

ಅವರು ಆನ್‌ಲೈನಿನಲ್ಲಿ ಎರಡು ಸೀರೆ ತರಿಸಿದ್ದರು. ಕೆಲವು ವಾರಗಳ ನಂತರ ಅಂಚೆಯಲ್ಲಿ ಲಕೋಟೆ ಬಂತು. ಹೆಸರು, ಮನೆ ನಂಬರು, ಮಗನ ಮೊಬೈಲ್ ಸಂಖ್ಯೆ ಎಲ್ಲ ಸರಿಯಾಗಿತ್ತು. ಒಳಗಿದ್ದ ಕಾರ್ಡನ್ನು ನಾಣ್ಯದಿಂದ ಉಜ್ಜಿದರೆ ಕಾರು ಗೆದ್ದಿದ್ದೀರಿ ಎಂದಿತ್ತು. ಅದರಲ್ಲಿದ್ದ ನಂಬರಿಗೆ ಕರೆ ಮಾಡಿದಾಗ ಒಬ್ಬ ಚೆನ್ನಾಗಿ ಕನ್ನಡ ಮಾತನಾಡುತ್ತ, "ಅಮ್ಮಾ, ನಿಮಗೆ ಕಾರು ಬೇಕೋ, 14,80,000 ರೂಪಾಯಿ ನಗದು ಬೇಕೋ?" ಎಂದು ಕೇಳಿದ. ಈ ಪ್ರಶ್ನೆಯನ್ನು ಗಮನಿಸಿ. ನಂಬಬೇಕೋ ಬೇಡವೋ ಎಂದು ಯೋಚಿಸಲು ಅವನು ಬಿಡಲೇ ಇಲ್ಲ, ಯಾವುದು ಬೇಕು ಎಂದು ಆರಿಸಲು ಕೂರಿಸಿಬಿಟ್ಟ. ಮಗಳ ಮದುವೆ ಗೊತ್ತಾಗಿತ್ತು, ನಗದು ಎಂದರು. ಫೈಲು ತೆರೆಯಲು 3,500, ತೆರಿಗೆಗೆ 14,800, ರಿಸರ್ವ್ ಬ್ಯಾಂಕಿನ ಅನುಮತಿಗೆ 28,000. ಎಲ್ಲವೂ ವಾಪಸ್ ಬರುವ ಹಣ ಎಂದು ಹೇಳಿದ್ದ. ಮೆಣಸಿನಕಾಯಿ ಮಾರಿ ಬಂದ ದುಡ್ಡು ಹೀಗೆ ಹೋಯಿತು. ಮಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಕಂಪನಿಯ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರು ಬಂದಿತ್ತು. ಕೇಳಿದ್ದಕ್ಕೆ, ಅವರು ನಮ್ಮ ಲೆಕ್ಕಾಧಿಕಾರಿ ಎಂಬ ಉತ್ತರ ಸಿಕ್ಕಿತು. ನಾಲ್ಕನೆಯ ಕಂತಿಗೆ ಬೆಂಡೋಲೆ.

ನಾನು ಆ ಮೊಬೈಲ್ ಈಸಿಕೊಂಡು, "ನಾನು ಬ್ಯಾಂಕಿನವನು. ನಿಮ್ಮ ಶುಲ್ಕವನ್ನೆಲ್ಲ ಆ 14,80,000ದಲ್ಲೇ ಮುರಿದುಕೊಂಡು ಉಳಿದದ್ದನ್ನು ಇವರ ಖಾತೆಗೆ ಹಾಕಿ" ಎಂದೆ. ಆ ಕಡೆಯಿಂದ ಉಸಿರಿಲ್ಲ. ಕರೆ ಕಟ್ಟಾಯಿತು. ಮತ್ತೆ ಆ ನಂಬರು ಹತ್ತಲೇ ಇಲ್ಲ. ಆ ತಾಯಿ ಬೆಂಡೋಲೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಹಳ ಹೊತ್ತು ಅಲ್ಲೇ ಕುಳಿತಿದ್ದರು. ಅಲ್ಲಿಂದಲೇ ದೂರು ಕೊಡಿಸಿದೆವು. ಹಿಂದಿನ ದಿನ ಕಳಿಸಿದ್ದರಲ್ಲಿ ಒಂದಿಷ್ಟು ತಡೆಹಿಡಿಯಲು ಸಾಧ್ಯವಾಯಿತು, ಅದಕ್ಕೂ ಮೊದಲಿನದು ಹೋಯಿತು.

ಆದ್ದರಿಂದ ನೀವೂ ಹೀಗೆಯೇ ಹೇಳಿ: ಬಹುಮಾನದಲ್ಲೇ ಮುರಿದುಕೊಳ್ಳಿ. ನಗದು ಬಹುಮಾನದ ತೆರಿಗೆಯನ್ನು ಕೊಡುವವರೇ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು, ಕಾನೂನು ಇರುವುದೇ ಹಾಗೆ. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಟ್ಟುಕೊಳ್ಳುವುದಿಲ್ಲ, ಬಹುಮಾನ ಬಿಡಿಸಿಕೊಡುವ ಕೆಲಸವನ್ನೂ ಮಾಡುವುದಿಲ್ಲ. ಲಾಟರಿ ಹತ್ತಿದೆ ಎಂದರೆ, ನಮ್ಮ ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಷೇಧವಾಗಿದೆ. ಟಿಕೆಟ್ಟೇ ಕೊಳ್ಳದವರಿಗೆ ಹತ್ತುವುದು ಹೇಗೆ? ದಯವಿಟ್ಟು ಒಂದು ಕ್ಷಣ ಯೋಚಿಸಿ, ಬಹುಮಾನ ಕೊಡುವವರು ಹಣ ಕೇಳುವುದಿಲ್ಲ.

ಸಮಯ ಮುಗಿಯುತ್ತ ಬಂದಿದೆ, ಬೇಗ ಹೇಳುತ್ತೇನೆ. ಫೋನ್‌ಪೇ, ಗೂಗಲ್‌ಪೇ ಯಾವುದೇ ಇರಲಿ, ಪಿನ್ ಒತ್ತಬೇಕಾದದ್ದು ಹಣ ಕೊಡುವಾಗ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವಾಗ. ಹಣ ಪಡೆಯಲು ಪಿನ್ ಬೇಡ. ಯಾರೋ ಹೇಳಿದರೆಂದು ಮೊಬೈಲಿಗೆ ಹೊಸ ಆ್ಯಪ್ ಹಾಕಿಕೊಳ್ಳಬೇಡಿ, ನಿಮ್ಮ ಪರದೆ ಅವರಿಗೆ ಕಾಣುವಂತೆ ಮಾಡುವ ಆ್ಯಪ್‌ಗಳಿವೆ.

ಹಣ ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ನಾಳೆ ನೋಡೋಣ ಎನ್ನಲೂ ಬೇಡಿ. ತಕ್ಷಣ ಸೈಬರ್ ವಂಚನೆಯ ದೂರು ತೆಗೆದುಕೊಳ್ಳುವ ಸರ್ಕಾರದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ದಾಟುವ ಮೊದಲು ತಡೆಯಬೇಕಾಗುತ್ತದೆ. ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ, ದಿನಾಂಕ, ಮೊತ್ತ ಬರೆದಿಟ್ಟುಕೊಂಡಿರಿ, ಅವರು ಕೇಳುತ್ತಾರೆ. ಬಂದ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಹತ್ತಿರದಲ್ಲಿ ಪೆನ್ನು ಇದ್ದರೆ ಈಗಲೇ ಬರೆದುಕೊಳ್ಳಿ: ಒಂದು, ಒಂಬತ್ತು, ಮೂರು, ಸೊನ್ನೆ. ನಮಸ್ಕಾರ.