ಚಿಗಾಂಗ್: ಮೊದಲು ನಿಲ್ಲುವುದನ್ನು ಕಲಿಯೋಣ

ಕೇಳುಗರಿಗೆ ನಮಸ್ಕಾರ. ನಿಧಾನವಾಗಿ ಮೈ ಕದಲಿಸುತ್ತಾ ಉಸಿರಿನ ಕಡೆ ಗಮನ ಕೊಡುವ ಚೀನಾದ ಚಿಗಾಂಗ್ ಅಭ್ಯಾಸವನ್ನು ನಿಮ್ಮಲ್ಲಿ ಕೆಲವರಾದರೂ ಮೊಬೈಲಿನಲ್ಲಿ ನೋಡಿರುತ್ತೀರಿ. ಬೀಜಿಂಗ್‌ನ ಪಾರ್ಕುಗಳಲ್ಲಿ ಬೆಳಗಾಗುತ್ತಿದ್ದಂತೆ ವಯಸ್ಸಾದವರು ಸಾಲಾಗಿ ನಿಂತು ನಿಧಾನವಾಗಿ ಕೈ ಎತ್ತುತ್ತಾರೆ, ಇಳಿಸುತ್ತಾರೆ. ನೋಡಿದರೆ ಬಲು ಸುಲಭ ಅನ್ನಿಸುತ್ತದೆ, ಅಲ್ವಾ? ಹೊಸದಾಗಿ ಕಲಿಯುವವರಿಗೆ ಒಳಗೆ 'ಚಿ' ಅನ್ನೋ ಪ್ರಾಣಶಕ್ತಿ ಹರಿಯುವುದು ಯಾವಾಗ ಗೊತ್ತಾಗುತ್ತದೆ ಅನ್ನುವುದೇ ದೊಡ್ಡ ಕುತೂಹಲ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೆಟ್ಟಗೆ ನಿಲ್ಲುವುದನ್ನು ಮೊದಲು ಕಲಿಯಬೇಕು.

ಪಾದಗಳ ನಡುವೆ ಭುಜದಷ್ಟು ಅಂತರ ಇರಲಿ. ಕಾಲ್ಬೆರಳು ಮುಂದಕ್ಕೆ. ಮಂಡಿ ಒಂಚೂರು ಮಡಿಸಿ, ಜಾಸ್ತಿ ಬೇಡ, ಕಾಲ್ಬೆರಳಿನ ತುದಿ ದಾಟಿ ಮುಂದೆ ಹೋಗಬಾರದು. ಭುಜ ಇಳಿಬಿಡಿ, ದೊಡ್ಡ ಮರವೊಂದನ್ನು ತಬ್ಬಿಕೊಂಡಂತೆ ಎರಡೂ ಕೈಗಳನ್ನು ಎದೆಯ ಮುಂದೆ ದುಂಡಗೆ ಹಿಡಿಯಿರಿ, ಮೂಗಿನಲ್ಲಿ ಸಹಜವಾಗಿ ಉಸಿರಾಡುತ್ತಾ ಸುಮ್ನೆ ನಿಲ್ಲಿ. ಮೂರು ನಿಮಿಷ ಸಾಕು. ಸ್ವಲ್ಪ ಹೊತ್ತಿಗೆ ತೊಡೆ ನಡುಗಬಹುದು, ಅಂಗೈ ಬೆಚ್ಚಗಾಗಬಹುದು. ತೊಡೆ ನಡುಗಿದರೆ ಸ್ನಾಯು ದಣಿದಿದೆ ಅಂತ ಅರ್ಥ, ಅದನ್ನೇ ಪವಾಡ ಅಂದುಕೊಳ್ಳಬೇಡಿ. ಹೀಗೆ ನಿಂತಾಗಲೇ ನಮ್ಮ ಭುಜ ಎಷ್ಟು ಬಿಗಿಯಾಗಿತ್ತು ಅನ್ನುವುದು ನಮಗೇ ಗೊತ್ತಾಗುವುದು, ನನಗಂತೂ ಚಿಗಾಂಗ್‌ನಲ್ಲಿ ತುಂಬಾ ಇಷ್ಟವಾಗುವುದು ಇದೇ.

ಇದು ಎಷ್ಟು ಹಳೆಯದು? 1973ರಲ್ಲಿ ಚೀನಾದ ಚಾಂಗ್‌ಶಾ ಹತ್ತಿರದ ಮಾವಾಂಗ್‌ದುಯಿಯಲ್ಲಿ ಕ್ರಿಸ್ತಪೂರ್ವ 168ರ ಸಮಾಧಿಯೊಂದನ್ನು ಅಗೆದಾಗ ಒಂದು ರೇಷ್ಮೆ ಬಟ್ಟೆ ಸಿಕ್ಕಿತು. ಅದರಲ್ಲಿ ವ್ಯಾಯಾಮ ಮಾಡುತ್ತಿರುವ 44 ಜನರ ಚಿತ್ರಗಳಿವೆ, ಗಂಡಸರು, ಹೆಂಗಸರು, ಎಳೆಯರು, ಮುದುಕರು ಎಲ್ಲರೂ ಇದ್ದಾರೆ. ಆದರೆ ಚಿಗಾಂಗ್ ಅನ್ನುವ ಒಂದೇ ಹೆಸರಿನಡಿ ಇಂಥ ಅಭ್ಯಾಸಗಳೆಲ್ಲ ಸೇರಿದ್ದು 1950ರ ದಶಕದಲ್ಲಿ. ಹೆಬೇ ಪ್ರಾಂತ್ಯದ ಲಿಯು ಗುಯಿಜೆನ್ ಅನ್ನುವವರು ತಮ್ಮ ಹೊಟ್ಟೆಹುಣ್ಣು ಇದರಿಂದ ವಾಸಿಯಾಯಿತು ಎಂದು ಹೇಳಿ, ಆಸ್ಪತ್ರೆಗಳಲ್ಲಿ ಇದನ್ನು ಕಲಿಸತೊಡಗಿದರು. ಹಾಗಂತ ನೀವು ಬಿಪಿ, ಶುಗರ್ ಮಾತ್ರೆ ಬಿಡಬೇಡಿ, ದಯವಿಟ್ಟು. ಮಾತ್ರೆ ಬಿಡಿ ಅನ್ನುವ ಗುರುವನ್ನೇ ಬಿಟ್ಟುಬಿಡಿ.

ನಿಲ್ಲುವುದು ರೂಢಿಯಾದ ಮೇಲೆ ಬಾದುವಾನ್‌ಜಿನ್ ಅನ್ನುವ ಚಿಗಾಂಗ್ ಸರಣಿಯನ್ನು ಕಲಿಯಿರಿ. ಎಂಟೇ ಚಲನೆ, ಹೆಚ್ಚೆಂದರೆ ಕಾಲು ಗಂಟೆ. ಮೊದಲನೆಯದರಲ್ಲಿ ಹೊಟ್ಟೆಯ ಮುಂದೆ ಬೆರಳುಗಳನ್ನು ಹೆಣೆದು, ಉಸಿರು ಎಳೆದುಕೊಳ್ಳುತ್ತಾ ಕೈ ಮೇಲಕ್ಕೆ ತರಬೇಕು, ಎದೆ ದಾಟುವಾಗ ಅಂಗೈ ತಿರುಗಿಸಿ ಆಕಾಶವನ್ನೇ ಎತ್ತಿ ಹಿಡಿಯುವವರಂತೆ ಚಾಚಬೇಕು, ಆಮೇಲೆ ಬೆರಳು ಬಿಡಿಸಿ ಉಸಿರು ಬಿಡುತ್ತಾ ಎರಡೂ ಪಕ್ಕದಿಂದ ಇಳಿಸಬೇಕು. ಕೈಯ ವೇಗಕ್ಕೆ ಉಸಿರು ಎಳೆದಾಡಬಾರದು. ನಿಮ್ಮ ಉಸಿರು ಎಷ್ಟು ಉದ್ದವೋ ಚಲನೆಯೂ ಅಷ್ಟೇ ಉದ್ದ. ಉಸಿರು ಬಿಗಿಹಿಡಿಯುವುದಂತೂ ಹೊಸಬರಿಗೆ ಬೇಡವೇ ಬೇಡ.

ಕೊನೆಯ ಚಲನೆಯಲ್ಲಿ ಹಿಮ್ಮಡಿ ಎತ್ತಿ, ಏಳು ಸಲ ನೆಲಕ್ಕೆ ಬಿಡುತ್ತಾರೆ. ಮೂಳೆ ಸವೆದವರು, ಬೆನ್ನುನೋವಿರುವವರು ಗೋಡೆ ಹಿಡಿದುಕೊಂಡು ಮೆತ್ತಗೆ ಇಳಿಸಿ. ಊಟವಾದ ತಕ್ಷಣ ಮಾಡಬೇಡಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಕೂತುಕೊಳ್ಳಿ. ನಿಂತು ಮಾಡಲು ಆಗದವರು ಕುರ್ಚಿಯಲ್ಲಿ ಕೂತು ಬರೀ ಕೈ ಚಲನೆಗಳನ್ನು ಮಾಡಬಹುದು, ಪಾದ ಮಾತ್ರ ನೆಲಕ್ಕೆ ಪೂರ್ತಿ ತಾಗಿರಲಿ. ನಮಸ್ಕಾರ.